ಆಗುಂಬೆಯ ಹಾದಿಯಲ್ಲಿ ಒಂದು ಹನಿ ಎಣ್ಣೆ

ಆಗುಂಬೆಯ ಸೂರ್ಯಾಸ್ತವನ್ನು ಕುರಿತು ಬರೆಯದ ಕನ್ನಡ ಲೇಖಕರು ವಿರಳ. ಆ ಹಾದಿಯ ಕಾಡು, ಮಳೆ, ಮಂಜು, ತಿರುವುಗಳೆಲ್ಲವೂ ವಾಚಕರಿಗೆ ಬಾಯಿಪಾಠವಾಗಿರುವಂತಹವು. ಹೀಗಿರುವಾಗ ಮತ್ತೊಬ್ಬ ಕನ್ನಡ ಮೇಷ್ಟ್ರು ಅದೇ ದಾರಿಯ ಕಥೆ ಹೇಳಲು ಕುಳಿತರೆ, ಪುಟ ಮಗುಚಿ ಧಾರಾವಾಹಿಗೆ ಹೋಗಿಬಿಡೋಣವೆಂದು ಯಾರಿಗಾದರೂ ಅನ್ನಿಸಿದರೆ ತಪ್ಪು ಅವರದಲ್ಲ. ಆದರೆ ಕಳೆದ ದಸರಾ ರಜೆಯಲ್ಲಿ ಶಿವಮೊಗ್ಗೆಯಿಂದ ಹೆಬ್ರಿಯವರೆಗೆ ನಾನು ಮಾಡಿದ ಪ್ರಯಾಣದಲ್ಲಿ ಸೂರ್ಯನನ್ನು ನೋಡಿದ್ದಕ್ಕಿಂತ ಕಾರಿನ ಹೊಟ್ಟೆಯ ಅಡಿಯನ್ನು ನೋಡಿದ್ದೇ ಹೆಚ್ಚು. ನನ್ನ ಕಥೆ ಅದನ್ನು ಕುರಿತದ್ದು.

ನಮ್ಮದು ಮಾರುತಿ ೮೦೦. ೧೯೮೩ರಲ್ಲಿ ಮೊದಲು ರಸ್ತೆಗಿಳಿದು ೨೦೧೪ರಲ್ಲಿ ತಯಾರಿಕೆ ನಿಂತ ಈ ಪುಟ್ಟ ವಾಹನದ ಪರಿಚಯವನ್ನು ಯಾರಿಗೂ ಮಾಡಿಕೊಡಬೇಕಾಗಿಲ್ಲ. ನಮ್ಮ ತಂದೆಯವರು ಹೈಸ್ಕೂಲಿನ ಉಪಾಧ್ಯಾಯರಾಗಿದ್ದವರು. ಹಲವು ವರ್ಷಗಳ ಉಳಿತಾಯವನ್ನೆಲ್ಲ ಸುರಿದು ೧೯೯೭ರಲ್ಲಿ ಅದನ್ನು ಹೊಸದಾಗಿ ಕೊಂಡರು. ಮೂರು ಸಿಲಿಂಡರು, ೭೯೬ ಸಿ.ಸಿ.ಯ ಎಂಜಿನ್ನು, ನಾಲ್ಕು ಗೇರು. ಅವರು ತೀರಿಕೊಂಡು ನಾಲ್ಕು ವರ್ಷಗಳಾದವು. ಅವರ ಪುಸ್ತಕಗಳ ಜೊತೆಗೆ ಕಾರೂ ನನ್ನ ಪಾಲಿಗೆ ಬಂತು. ಪುಸ್ತಕಗಳನ್ನು ಓದಬಲ್ಲೆ, ಕಾರನ್ನು ಓಡಿಸಬಲ್ಲೆನೇ ಹೊರತು ಓದಲಾರೆ. ಈ ಭೇದ ನನಗೆ ತಿಳಿದದ್ದು ತಡವಾಗಿ.

ಆರಂಭ ಒಂದು ಹನಿಯಿಂದ. ಮಳೆಗಾಲದ ಒಂದು ಬೆಳಗ್ಗೆ ಕಾರು ನಿಲ್ಲುವ ಕಡೆ, ಸಿಮೆಂಟಿನ ನೆಲದ ಮೇಲೆ, ಒಂದು ರೂಪಾಯಿ ನಾಣ್ಯದಷ್ಟಗಲದ ಕಪ್ಪು ಕಲೆ ಕಂಡಿತು. ಮನೆಯಾಕೆ ತೋರಿಸಿದಳು. ನಾನು ಹಳೆಯ ವೃತ್ತಪತ್ರಿಕೆಯೊಂದನ್ನು ಅಲ್ಲಿ ಹಾಸಿದೆ. ವಾರದೊಳಗೆ ನಾಣ್ಯ ತಟ್ಟೆಯಾಯಿತು. ನಾನು ಪತ್ರಿಕೆಯನ್ನು ಬದಲಾಯಿಸಿದೆ. ಆಮೇಲೆ ಊರಿನ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿಯವರು ಬಾನೆಟ್ಟನ್ನು ಎತ್ತಿ, ಎಂಜಿನ್ನಿನ ನೆತ್ತಿಯ ಮುಚ್ಚಳದ ಅಡಿಯ ರಬ್ಬರು ಗ್ಯಾಸ್ಕೆಟ್ಟನ್ನು ಬದಲಾಯಿಸಿ, "ಇನ್ನು ಸೋರುವುದಿಲ್ಲ" ಎಂದು ಅಭಯವಿತ್ತರು. ಸೋರುವುದು ನಿಲ್ಲಲಿಲ್ಲ. ಹಳೆಯ ಕಾರೆಂದರೆ ಹಳೆಯ ಮನೆಯಿದ್ದಂತೆ, ಎಲ್ಲೋ ಒಂದು ಕಡೆ ಸೋರಿಯೇ ಸೋರುತ್ತದೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಒಂದು ಲೀಟರು ಎಣ್ಣೆಯ ಡಬ್ಬಿಯನ್ನು ಡಿಕ್ಕಿಯಲ್ಲಿಟ್ಟು ಸುಮ್ಮನಾದೆ.

ಹೆಬ್ರಿಯಿಂದ ಕರೆ ಬಂದದ್ದು ಆಗ. ಅಲ್ಲಿ ನಮ್ಮ ದೊಡ್ಡಮ್ಮ, ಎಂದರೆ ತಾಯಿಯವರ ಒಬ್ಬಳೇ ಅಕ್ಕ, ಹಾಸಿಗೆ ಹಿಡಿದಿದ್ದರು. ಎಂಬತ್ತು ದಾಟಿದ ಜೀವ. "ಊಟ ಬಿಟ್ಟಿದ್ದಾರೆ, ಕೆಲವು ಹೊತ್ತು ಗುರುತೂ ಸಿಕ್ಕುವುದಿಲ್ಲ. ಚಿಕ್ಕಮ್ಮ ಬರುವುದಾದರೆ ಈಗಲೇ ಬರಲಿ" ಎಂದು ದೊಡ್ಡಮ್ಮನ ಮಗ ಹೇಳಿದ. ತಾಯಿಯವರಿಗೆ ಬಸ್ಸಿನ ಪ್ರಯಾಣ ಆಗದು. ಘಾಟಿಯ ಎರಡನೆಯ ತಿರುವಿಗೇ ತಲೆ ಸುತ್ತಿ, ಹೊಟ್ಟೆ ತೊಳಸಿ, ಇಳಿಯುವ ಹೊತ್ತಿಗೆ ಮಾತಾಡುವ ಶಕ್ತಿಯೂ ಉಳಿಯುವುದಿಲ್ಲ. ಕಾರಿನ ಮುಂದಿನ ಸೀಟು, ತೆರೆದ ಕಿಟಕಿ, ಕೈಯಲ್ಲೊಂದು ನಿಂಬೆಹಣ್ಣು ಇದ್ದರೆ ಮಾತ್ರ ಪಯಣ ಸಾಧ್ಯ. ಮರುದಿನ ಬೆಳಗ್ಗೆ ಎಂಟು ಗಂಟೆಗೆ ನಾವಿಬ್ಬರೂ ಹೊರಟೆವು.

ಶಿವಮೊಗ್ಗೆಯಿಂದ ತೀರ್ಥಹಳ್ಳಿಗೆ ಸುಮಾರು ೬೦ ಕಿಲೋಮೀಟರು. ಗಾಜನೂರಿನಲ್ಲಿ ಅಣೆಕಟ್ಟಿನ ಹಿನ್ನೀರು ಬೆಳಗಿನ ಬಿಸಿಲಿಗೆ ಕಣ್ಣು ಕೋರೈಸುತ್ತಿತ್ತು. ಸಕ್ರೆಬೈಲಿನಲ್ಲಿ ಆನೆಗಳನ್ನು ನೀರಿಗಿಳಿಸುವ ಹೊತ್ತು. ಅಲ್ಲಿಂದ ಮುಂದೆ ಕಾಡು ದಾರಿಗೆ ಒತ್ತಿಕೊಂಡು ಬರುತ್ತದೆ. ಮರಗಳ ಸಂದಿನಿಂದ ತುಂಗೆ ಕಣ್ಣಾಮುಚ್ಚಾಲೆಯಾಡುತ್ತ ಜೊತೆಗೂಡುತ್ತಾಳೆ. ಮಂಡಗದ್ದೆಯ ನಡುಗಡ್ಡೆಯಲ್ಲಿ, ಮಳೆಗಾಲದಲ್ಲಿ ಬಂದು ಗೂಡು ಕಟ್ಟುವ ಬೆಳ್ಳಕ್ಕಿ ನೀರುಕಾಗೆಗಳಲ್ಲಿ ಕೆಲವು ಇನ್ನೂ ಉಳಿದಿದ್ದವು. "ನಿಲ್ಲಿಸು, ಒಂದು ಗಳಿಗೆ ನೋಡಿ ಹೋಗೋಣ" ಎಂದರು ತಾಯಿಯವರು. ತಿರುವಿನಲ್ಲಿ ವೇಗ ತಗ್ಗಿಸಿದಾಗ ಡ್ಯಾಷ್ ಬೋರ್ಡಿನ ಮೇಲೆ ಒಂದು ಕೆಂಪು ದೀಪ ಮಿನುಗಿ ಆರಿತು.

ಆ ದೀಪದ ಮೇಲಿನ ಚಿತ್ರವನ್ನು ವಾಚಕರು ನೋಡಿರಬಹುದು: ಕೊಕ್ಕಿನ ತುದಿಯಿಂದ ಒಂದು ಹನಿ ತೊಟ್ಟಿಕ್ಕುವ ಗಿಂಡಿ. ಚಿಕ್ಕಂದಿನಲ್ಲಿ ನಾನು ಅದನ್ನು ದೇವರ ಮನೆಯ ಗಿಂಡಿಯೆಂದೇ ನಂಬಿದ್ದೆ. ಅದು ಎಣ್ಣೆಯ ಗಿಂಡಿಯೆಂದೂ, ಅದು ಬೆಳಗಿದರೆ ಕಾರನ್ನು ತತ್ಕ್ಷಣ ನಿಲ್ಲಿಸಬೇಕೆಂದೂ ತಂದೆಯವರು ಹೇಳಿದ್ದರು. ನಿಲ್ಲಿಸಿದೆ. ಅಳತೆಯ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಅದ್ದಿ ನೋಡಿದರೆ ಅದರ ಕೆಳಗಿನ ಗುರುತಿನಷ್ಟೂ ಎಣ್ಣೆಯಿರಲಿಲ್ಲ. ಸುಮಾರು ಮೂರು ಲೀಟರು ಎಣ್ಣೆಯಿರಬೇಕಾದ ಒಡಲು ಬರಿದಾಗುತ್ತ ಬಂದಿತ್ತು. ಬಗ್ಗಿ ನೋಡಿದೆ. ಕಾರಿನ ತಳದಿಂದ ಹನಿಗಳು, ಅವಸರವಿಲ್ಲದೆ, ಜಪಮಾಲೆಯ ಮಣಿಗಳು ಜಾರಿದಂತೆ, ಒಂದಾದ ಮೇಲೊಂದು ಬೀಳುತ್ತಿದ್ದವು.

ಡಿಕ್ಕಿಯಲ್ಲಿದ್ದ ಒಂದು ಲೀಟರನ್ನೂ ಸುರಿದೆ. ದೀಪ ಮತ್ತೆ ಕಾಣಿಸಿಕೊಳ್ಳಲಿಲ್ಲ. ಹಕ್ಕಿಗಳನ್ನು ನೋಡುವ ಮನಸ್ಸು ಇಬ್ಬರಿಗೂ ಉಳಿದಿರಲಿಲ್ಲ. ಹತ್ತು ಕಿಲೋಮೀಟರಿಗೊಮ್ಮೆ ನಿಲ್ಲಿಸಿ, ಕಡ್ಡಿಯನ್ನು ಎಳೆದು ನೋಡುತ್ತ, ಗರ್ಭಿಣಿಯನ್ನು ಆಸ್ಪತ್ರೆಗೆ ಕರೆದೊಯ್ಯುವವನಂತೆ ಮೆಲ್ಲಗೆ ನಡೆಸಿಕೊಂಡು ತೀರ್ಥಹಳ್ಳಿಯನ್ನು ಮುಟ್ಟಿದಾಗ ಹನ್ನೊಂದಾಗುತ್ತ ಬಂದಿತ್ತು.

ಪೇಟೆಯ ಹೊರಗೆ, ಹಲಸಿನ ಮರವೊಂದರ ನೆರಳಿನಲ್ಲಿ, ತಗಡಿನ ಚಾವಣಿಯ ಒಂದು ಗ್ಯಾರೇಜು. ನಾಮಫಲಕವಿರಲಿಲ್ಲ, ನಾಲ್ಕು ಹಳೆಯ ಜೀಪುಗಳೇ ಅದರ ನಾಮಫಲಕ. ಐವತ್ತರ ಆಸುಪಾಸಿನ ಮೆಕ್ಯಾನಿಕ್ ಒಬ್ಬರು ಜೀಪಿನ ಅಡಿಯಿಂದ ತಲೆ ಹೊರಹಾಕಿ, ನನ್ನ ಕಾರಿಗಿಂತ ಮೊದಲು ಕಾರಿನ ಹಿಂದೆ ರಸ್ತೆಯ ಮೇಲೆ ಬಿದ್ದಿದ್ದ ಹನಿಗಳ ಸಾಲನ್ನು ನೋಡಿದರು.

"ಎಷ್ಟು ದಿನ ಆಯ್ತು ಮಾರಾಯ್ರೇ?"

"ಎರಡು ತಿಂಗಳು. ಮೇಲಿನ ಗ್ಯಾಸ್ಕೆಟ್ ಬದಲಾಯಿಸಿದ್ದಾರೆ."

"ಎಣ್ಣೆ ಕೆಳಗೆ ಇಳೀತದೆ ಸಾರ್. ಒದ್ದೆ ಇದ್ದ ಕಡೆ ನೋಡಿದ್ರೆ ಎಲ್ಲಾ ಒದ್ದೆಯೇ. ಎಲ್ಲಿಂದ ಶುರು ಅಂತ ನೋಡ್ಬೇಕು."

ಮುಂದೆ ಅವರು ಮಾಡಿದ ಕೆಲಸವನ್ನು ನಾನು ಆಸಕ್ತಿಯಿಂದ ನೋಡಿದೆ. ಹಳೆಯ ಕಾವ್ಯವೊಂದರ ಶುದ್ಧ ಪಾಠವನ್ನು ನಿರ್ಣಯಿಸುವ ಸಂಪಾದಕನೂ ಅಷ್ಟು ಕ್ರಮವಾಗಿ ಕೆಲಸ ಮಾಡಲಾರನೇನೋ. ಎಂಜಿನ್ನು ಆರುವವರೆಗೆ ಕಾದರು. ಗಾಲಿಗಳಿಗೆ ಕಲ್ಲು ಕೊಟ್ಟರು. ಕುಂಚವನ್ನು ಸೀಮೆಎಣ್ಣೆಯಲ್ಲಿ ಅದ್ದಿ, ವರ್ಷಗಳ ಮಸಿ ಧೂಳು ಜಿಡ್ಡನ್ನೆಲ್ಲ ತೊಳೆದು, ಬನಿಯನ್ ಬಟ್ಟೆಯ ಚೂರುಗಳಿಂದ ಒರೆಸಿ ಒಣಗಿಸಿದರು. ಆಮೇಲೆ ಒಳಗಿನಿಂದ ಒಂದು ಡಬ್ಬಿಯನ್ನು ತರಿಸಿದರು. ಮುಖಕ್ಕೆ ಹಚ್ಚಿಕೊಳ್ಳುವ ಪೌಡರಿನ ಡಬ್ಬಿ! ಅದನ್ನು ಎಂಜಿನ್ನಿನ ಪಕ್ಕಕ್ಕೆಲ್ಲ ಉದುರಿಸಿ, "ಈಗ ಹಚ್ಚಿ ಸಾರ್" ಎಂದರು. ಎಂಜಿನ್ನು ಗುನುಗತೊಡಗಿತು. ಮೂರು ನಿಮಿಷ ಏನೂ ಇಲ್ಲ. ವೇಗವನ್ನು ಸ್ವಲ್ಪ ಏರಿಸಲು ಹೇಳಿದರು. ಆಗ ಆ ಬೆಳ್ಳಗಿನ ಪುಡಿಯ ಮೇಲೆ, ಎಳೆಯ ಮಗುವಿನ ಕೆನ್ನೆಯ ಮೇಲೆ ಕಾಡಿಗೆ ಇಳಿದಂತೆ, ಒಂದೇ ಒಂದು ಕಪ್ಪು ಗೆರೆ ಮೂಡಿತು. ಗೆರೆಯ ಮೂಲ ಎಂಜಿನ್ನಿನ ಪಕ್ಕಕ್ಕೆ ತಿರುಪಿ ಕೂರಿಸಿದ್ದ, ನೆಲ್ಲಿಕಾಯಿಗಿಂತ ತುಸು ದೊಡ್ಡದಾದ ಒಂದು ಬಿಡಿಭಾಗ. ಅದರ ತಲೆಗೆ ಒಂದೇ ಒಂದು ತಂತಿ. ಆ ತಂತಿಯ ಬುಡದಿಂದ ಎಣ್ಣೆ ಒಸರುತ್ತಿತ್ತು.

"ಆಯಿಲ್ ಸೆನ್ಸರ್" ಎಂದರು.

"ಎಂದರೆ, ಆ ಗಿಂಡಿಯ ದೀಪಕ್ಕೆ ಸಂಬಂಧಪಟ್ಟದ್ದೇ?"

"ಅದೇ. ಆ ದೀಪಕ್ಕೆ ಸುದ್ದಿ ಕೊಡೋದೇ ಇದು."

ನಾನು ಬೆರಗಾದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆಯನ್ನು ಮಕ್ಕಳಿಗೆ ಎಷ್ಟು ಸಲ ವಿವರಿಸಿಲ್ಲ! ಎಣ್ಣೆಯ ಕಾವಲಿಗೆ ಕುಳಿತದ್ದೇ ಎಣ್ಣೆಯನ್ನು ಹೊರಗೆ ಬಿಡುತ್ತಿತ್ತು.

ಅದರ ಒಳಗುಟ್ಟನ್ನು ಅವರು ಒಂದು ಮುರುಕು ಸೆನ್ಸರನ್ನು ತೋರಿಸಿ ವಿವರಿಸಿದರು. ಎಂಜಿನ್ನಿನ ತಳದಲ್ಲಿ ಎಣ್ಣೆಯ ತೊಟ್ಟಿಯಿದೆ. ಪಂಪೊಂದು ಅಲ್ಲಿಂದ ಎಣ್ಣೆಯನ್ನು ಹೀರಿ, ಫಿಲ್ಟರಿನಲ್ಲಿ ಸೋಸಿ, ಒಡಲೊಳಗೆ ಕೊರೆದ ಕಾಲುವೆಗಳ ಮೂಲಕ ತಿರುಗುವ ಭಾಗಗಳಿಗೆಲ್ಲ ಒತ್ತಿ ಕಳುಹಿಸುತ್ತದೆ. ನಿಮಿಷಕ್ಕೆ ಸಾವಿರಾರು ಸಲ ತಿರುಗುವ ದಂಡ ಬೇರಿಂಗಿನ ಲೋಹವನ್ನು ತಾಗದೆ ಉಳಿಯುವುದು ಆ ಎಣ್ಣೆಯ ತೆಳ್ಳನೆಯ ಪದರದಿಂದ. ಒತ್ತಡ ಕುಸಿದರೆ ಪದರ ಹರಿಯುತ್ತದೆ. ಲೋಹ ಲೋಹವನ್ನು ಉಜ್ಜಿ, ಕಾದು, ಕೊನೆಗೆ ಕಚ್ಚಿ ಹಿಡಿದು ನಿಂತುಬಿಡುತ್ತದೆ. ಸೆನ್ಸರು ಆ ಕಾಲುವೆಯ ಗೋಡೆಯಲ್ಲಿ ಕೂತ ಕಾವಲುಗಾರ. ಅದರೊಳಗೆ ಒಂದು ತೆಳುವಾದ ಪೊರೆ, ಪೊರೆಯ ಹಿಂದೆ ಒಂದು ಸ್ಪ್ರಿಂಗು, ಎರಡು ವಿದ್ಯುತ್ ಸಂಪರ್ಕಗಳು. ಎಣ್ಣೆಯ ಒತ್ತಡವಿಲ್ಲದಾಗ ಸ್ಪ್ರಿಂಗು ಸಂಪರ್ಕಗಳನ್ನು ಕೂಡಿಸಿ ಹಿಡಿಯುತ್ತದೆ, ದೀಪ ಉರಿಯುತ್ತದೆ. ಕೀಲಿಯನ್ನು ತಿರುಗಿಸಿದೊಡನೆ ಆ ಕೆಂಪು ದೀಪ ಬೆಳಗುವುದು ಇದರಿಂದಲೇ. ಎಂಜಿನ್ನು ಹೊರಟು ಒತ್ತಡ ಏರಿದರೆ ಪೊರೆ ಉಬ್ಬಿ ಸ್ಪ್ರಿಂಗನ್ನು ಹಿಂದಕ್ಕೆ ನೂಕುತ್ತದೆ, ಸಂಪರ್ಕ ಕಡಿದು ದೀಪ ಆರುತ್ತದೆ. ವರ್ಷಗಟ್ಟಲೆ ಬಿಸಿ ಎಣ್ಣೆಯಲ್ಲಿ ಬೆಂದ ಪೊರೆ ಬಿರುಕು ಬಿಟ್ಟರೆ ಎಣ್ಣೆ ಅದನ್ನು ದಾಟಿ, ತಂತಿಯ ಬುಡದ ಪ್ಲಾಸ್ಟಿಕ್ಕಿನ ಸಂದಿನಿಂದ ಹೊರಬೀಳುತ್ತದೆ.

"ಹಾಗಾದರೆ ಎಣ್ಣೆ ಕಡಿಮೆಯಾಗುತ್ತಿದೆಯೆಂದು ದೀಪ ಮೊದಲೇ ಏಕೆ ಹೇಳಲಿಲ್ಲ?" ಎಂದೆ.

"ಅದು ಎಣ್ಣೆ ಎಷ್ಟಿದೆ ಅಂತ ಅಳೆಯೋದಿಲ್ಲ ಸಾರ್. ಒತ್ತಡ ಇದೆಯೋ ಇಲ್ಲವೋ, ಅಷ್ಟೇ ಅದಕ್ಕೆ ಗೊತ್ತು. ತೊಟ್ಟಿಯಲ್ಲಿ ಕಾಲು ಭಾಗ ಉಳಿದ್ರೂ ಪಂಪಿಗೆ ಎಣ್ಣೆ ಸಿಕ್ತಾ ಇದ್ರೆ ದೀಪ ಸುಮ್ಮನೆ ಇರ್ತದೆ. ತಿರುವಲ್ಲಿ ಎಣ್ಣೆ ಒಂದು ಮಗ್ಗುಲಿಗೆ ಹೋಗಿ ಪಂಪು ಗಾಳಿ ಹೀರಿದಾಗ ಮಿನುಗ್ತದೆ. ಅದು ಎಚ್ಚರಿಕೆ ಅಲ್ಲ, ಕೊನೇ ಕರೆ."

ಆ ಮಾತು ನನ್ನ ಮನಸ್ಸಿನಲ್ಲಿ ನಾಟಿತು. ಕೆಂಪು ದೀಪ ಹೊತ್ತಿಲ್ಲವೆಂಬ ಒಂದೇ ನೆಪದಿಂದ ಎರಡು ತಿಂಗಳು ನಾನು ಕಡ್ಡಿಯನ್ನು ಎಳೆದು ನೋಡಿರಲಿಲ್ಲ.

ನನಗೆ ಅವಸರ. ಸೋರುವ ಕಡೆಗೆ ಗಟ್ಟಿಯಾದ ಅಂಟನ್ನು ಮೆತ್ತಿ ಕಳುಹಿಸಲಾಗದೇ ಎಂದು ಕೇಳಿದೆ. ಅವರು ಸ್ಪ್ಯಾನರನ್ನು ಕೆಳಗಿಟ್ಟು ನನ್ನ ಮುಖ ನೋಡಿದರು.

"ಒಳಗೆ ಹರಿದದ್ದಕ್ಕೆ ಹೊರಗೆ ಅಂಟು ಹಚ್ಚಿದ್ರೆ ಏನು ಪ್ರಯೋಜನ ಸಾರ್? ಘಾಟಿ ಇಳಿಯುವಾಗ ನೀವು ಎರಡನೇ ಗೇರಲ್ಲಿ ಎಂಜಿನ್ನನ್ನು ಹಿಡಿದು ಇಳೀಬೇಕು. ಆಗ ಎಂಜಿನ್ನು ಜೋರಾಗಿ ತಿರುಗ್ತದೆ, ಎಣ್ಣೆಯ ಒತ್ತಡವೂ ಜೋರು. ಇದು ತಲೆ ಕಿತ್ತು ಹೋಯ್ತು ಅಂದ್ರೆ ನಿಮಿಷದಲ್ಲಿ ಎಣ್ಣೆಯೆಲ್ಲ ರಸ್ತೆಗೆ. ಹಿಂದೆ ಬೈಕಿನವ ಬರ್ತಾ ಇದ್ರೆ ಅವನ ಗತಿ? ಅಮ್ಮನವರನ್ನು ಕೂರಿಸ್ಕೊಂಡು ಹಾಗೆ ಹೋಗ್ಬೇಡಿ."

ತೀರ್ಥಹಳ್ಳಿಯ ಅಂಗಡಿಗಳಲ್ಲಿ ಆ ಮಾದರಿಯ ಸೆನ್ಸರು ಆ ದಿನ ಇರಲಿಲ್ಲ. ಅವರು ಶಿವಮೊಗ್ಗೆಯ ಅಂಗಡಿಗೆ ಫೋನು ಮಾಡಿ, ಮಧ್ಯಾಹ್ನದ ಬಸ್ಸಿನ ಕಂಡಕ್ಟರರ ಕೈಗೆ ಕೊಟ್ಟು ಕಳುಹಿಸಲು ಹೇಳಿದರು. ಮಲೆನಾಡಿನಲ್ಲಿ ಔಷಧ, ಕನ್ನಡಕ, ಅಡಕೆ ಸುಲಿಯುವ ಯಂತ್ರದ ಚಕ್ರ, ಎಲ್ಲವೂ ಹೀಗೆಯೇ ಪ್ರಯಾಣ ಮಾಡುತ್ತವೆ. ನಾವು ಯಾವ ಊರಿನಿಂದ ಬೆಳಗ್ಗೆ ಹೊರಟಿದ್ದೆವೋ ಅದೇ ಊರಿನಿಂದ ನಮ್ಮ ಬಿಡುಗಡೆಯ ಸಾಧನ ನಮ್ಮನ್ನು ಹಿಂಬಾಲಿಸಿ ಬರಬೇಕಾಯಿತು. ಮೂರು ಗಂಟೆಯವರೆಗೆ ಬಿಡುವು.

ಹೊರಡುವ ಮುನ್ನ ಮೆಕ್ಯಾನಿಕ್ ಕೇಳಿದರು: "ಎಣ್ಣೆ ಬದಲಿ ಮಾಡಿಸಿದ್ದು ಯಾವಾಗ ಸಾರ್? ಕಪ್ಪಾಗಿದೆ, ನೀರಾಗಿದೆ."

ನಾನು ನೆನಪು ಮಾಡಿಕೊಳ್ಳತೊಡಗಿದೆ. ಅಷ್ಟರಲ್ಲಿ ತಾಯಿಯವರು ಕಾರಿನ ಮುಂಬದಿಯ ಖಾನೆಯನ್ನು ತೆರೆದು, ಕಾಗದಗಳ ಅಡಿಯಿಂದ ಒಂದು ಸಣ್ಣ ನೋಟುಪುಸ್ತಕವನ್ನು ತೆಗೆದರು. ತಂದೆಯವರ ಕೈಬರಹ. ದಿನಾಂಕ, ಕಾರು ಓಡಿದ ಕಿಲೋಮೀಟರು, ಹಾಕಿದ ಎಣ್ಣೆ, ಬದಲಾಯಿಸಿದ ಫಿಲ್ಟರು, ಗಾಲಿಗಳಿಗೆ ಹಿಡಿಸಿದ ಗಾಳಿ, ಎಲ್ಲವೂ ಮುತ್ತಿನಂತಹ ಅಕ್ಷರಗಳಲ್ಲಿ, ಸಾಲು ಸಾಲಾಗಿ, ೧೯೯೭ರಿಂದ. ಪ್ರತಿ ಭಾನುವಾರದ ಎದುರಿಗೆ "ಕಡ್ಡಿ ನೋಡಿದೆ, ಸರಿ" ಎಂಬ ಮಾತು. ಕೊನೆಯ ಸಾಲು ಅವರು ಆಸ್ಪತ್ರೆಗೆ ಸೇರುವ ಹಿಂದಿನ ಭಾನುವಾರದ್ದು. ಅನಂತರದ ಪುಟಗಳು ಖಾಲಿ. ನಾನು ಕೊಟ್ಟಿದ್ದ ಉತ್ತರವೂ ಅದೇ. ಮೆಕ್ಯಾನಿಕ್ ಪುಸ್ತಕವನ್ನು ಎರಡೂ ಕೈಗಳಿಂದ ಹಿಡಿದು ಓದಿ, ಹಿಂದಿರುಗಿಸಿದರು. ಏನೂ ಹೇಳಲಿಲ್ಲ. "ಎಣ್ಣೆ, ಫಿಲ್ಟರು ಎರಡನ್ನೂ ಬದಲಿ ಮಾಡ್ತೇನೆ" ಎಂದಷ್ಟೇ ಹೇಳಿ ಕೆಲಸಕ್ಕೆ ತೊಡಗಿದರು.

ಊಟ ಮಾಡಿ ನಾವು ಹೊಳೆಯ ಕಡೆಗೆ ಹೋದೆವು. ತೀರ್ಥಹಳ್ಳಿಗೆ ತೀರ್ಥಹಳ್ಳಿಯೆಂಬ ಹೆಸರು ಬಂದದ್ದು ಈ ಹೊಳೆಯಿಂದ. ಪರಶುರಾಮನ ಕೊಡಲಿಗೆ ಅಂಟಿದ ರಕ್ತದ ಕಲೆ ಎಲ್ಲಿಯೂ ಹೋಗದೆ ಇಲ್ಲಿಯ ತುಂಗೆಯಲ್ಲಿ ತೊಳೆದುಹೋಯಿತೆಂದು ಸ್ಥಳಪುರಾಣ. ದಡದಲ್ಲಿ ರಾಮೇಶ್ವರನ ಗುಡಿ. ಎಳ್ಳಮಾವಾಸ್ಯೆಯ ಜಾತ್ರೆಗೆ ಸುತ್ತಿನ ಸೀಮೆಯೆಲ್ಲ ಇಲ್ಲಿ ಮೀಯಲು ಬರುತ್ತದೆ. ನಡು ಹೊಳೆಯ ಬಂಡೆಗಳ ಮೇಲೆ ಪುಟ್ಟದೊಂದು ಕಲ್ಲಿನ ಮಂಟಪ, ಆಚೆಗೆ ಕಮಾನಿನ ಸೇತುವೆ. ಕುವೆಂಪು ಅವರು ಬಾಲಕರಾಗಿ ಓದಿದ ಊರು, ಕನ್ನಡದ ಎಂ.ಎ. ಮಾಡಿದ ನನ್ನಂತಹವನಿಗೆ ಇಲ್ಲಿಯ ಪ್ರತಿಯೊಂದು ಬಂಡೆಯೂ ಮಾತಾಡಬೇಕು. ಆ ದಿನ ನನಗೆ ಕೇಳಿಸಿದ್ದು ನೀರಿನ ಸದ್ದು ಮಾತ್ರ. ಮಳೆಗಾಲದ ಕೆಂಪು ಇಳಿದು ನೀರು ತಿಳಿಯಾಗುತ್ತಿತ್ತು. ಗಂಗಾ ಸ್ನಾನ, ತುಂಗಾ ಪಾನ ಎಂದು ಹೇಳಿಕೊಳ್ಳುತ್ತ ತಾಯಿಯವರು ಒಂದು ಬೊಗಸೆ ನೀರನ್ನು ಕುಡಿದು, ಮೆಟ್ಟಿಲ ಮೇಲೆ ಕುಳಿತರು.

"ಮದುವೆಯಾದ ಹೊಸತರಲ್ಲಿ ನಾನು ಹೆಬ್ರಿಗೆ ಹೋಗಲು ಅಳುತ್ತಿದ್ದೆ" ಎಂದರು. "ತವರು ಎಂದರೆ ನನಗೆ ಅಕ್ಕನ ಮನೆಯೇ ತಾನೇ? ಬಸ್ಸಿನಲ್ಲಿ ಹೋಗಲು ಆಗುತ್ತಿರಲಿಲ್ಲ. ವರ್ಷಕ್ಕೊಮ್ಮೆ, ಅದೂ ಬಹಳ ಕಷ್ಟದಿಂದ. ನಿಮ್ಮಪ್ಪ ಕಾರು ಕೊಂಡದ್ದು ಶಾಲೆಗೆ ಹೋಗಲು ಎಂದು ನೀನು ತಿಳಿದಿದ್ದೀಯೆ. ಶಾಲೆಗೆ ಅವರು ಕೊನೆಯವರೆಗೂ ಸೈಕಲ್ಲಿನಲ್ಲಿಯೇ ಹೋದರಲ್ಲ."

ಅದು ನಿಜ. ನಾನು ಕಣ್ಣಾರೆ ಕಂಡಿದ್ದೆ, ಆದರೆ ಯೋಚಿಸಿರಲಿಲ್ಲ. ಭಾನುವಾರದ ಕಡ್ಡಿಯ ಅರ್ಥ ಆಗ ನನಗಾಯಿತು. ಆ ಎಂಜಿನ್ನು ಎಂದಾದರೂ ಒಂದು ದಿನ, ಏನೂ ಸೂಚನೆಯಿಲ್ಲದೆ, ಘಾಟಿಯನ್ನು ಇಳಿಯಬೇಕಾಗಿ ಬರಬಹುದೆಂದು ಅವರು ಅದನ್ನು ಸದಾ ಸಿದ್ಧವಾಗಿ ಇಟ್ಟಿದ್ದರು. ನಾನು ಅದನ್ನು ಮಾರುವ ಮಾತನ್ನು ಎರಡು ಸಲ ಎತ್ತಿದ್ದೆ. "ಅಕ್ಕ ಇರುತ್ತಾಳೋ ಇಲ್ಲವೋ" ಎಂದು ತಾಯಿಯವರು ಹೊಳೆಗೆ ಹೇಳುವಂತೆ ಹೇಳಿದರು. ನಾನು ಉತ್ತರ ಹೇಳಲಿಲ್ಲ.

ಮೂರು ಗಂಟೆಯ ಬಸ್ಸು ಮೂರೂ ಕಾಲಿಗೆ ಬಂತು. ಕಂಡಕ್ಟರರು ಅಂಗಿಯ ಜೇಬಿನಿಂದ ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆಯನ್ನು ತೆಗೆದು ಕೊಟ್ಟರು. ಅದರ ಬೆಲೆ ನಾವಿಬ್ಬರೂ ಆ ಮಧ್ಯಾಹ್ನ ಮಾಡಿದ ಊಟಕ್ಕಿಂತ ಹೆಚ್ಚಾಗಿರಲಿಲ್ಲ.

ಮೆಕ್ಯಾನಿಕ್ ತಂತಿಯನ್ನು ಕಳಚಿ, ಆಳವಾದ ಸಾಕೆಟ್ಟನ್ನು ಹಾಕಿ, ಹಳೆಯ ಸೆನ್ಸರನ್ನು ಮೆಲ್ಲಗೆ ತಿರುಪಿ ತೆಗೆದರು. ಆದರೆ ಹೊಸದನ್ನು ಒಡನೆಯೇ ಕೂರಿಸಲಿಲ್ಲ. ಆ ತೂತಿಗೆ ರಬ್ಬರು ಕೊಳವೆಯುಳ್ಳ ಒಂದು ಗಡಿಯಾರದಂತಹ ಗೇಜನ್ನು ತಿರುಪಿ, ಎಂಜಿನ್ನನ್ನು ಹಚ್ಚಲು ಹೇಳಿದರು. ದೀಪದ ಮಾತನ್ನು ನಂಬುವ ಮೊದಲು ಎಣ್ಣೆಯ ಮಾತನ್ನೇ ಕೇಳಬೇಕೆಂಬುದು ಅವರ ನಿಯಮ. ಎಂಜಿನ್ನು ಬಿಸಿಯಾದ ಮೇಲೆ, ವೇಗ ಏರಿಸಿದಾಗ, ಮುಳ್ಳು ಚದರ ಸೆಂಟಿಮೀಟರಿಗೆ ಮೂರು ಕಿಲೋಗ್ರಾಮನ್ನು ದಾಟಿ ನಿಂತಿತು. ಅವರ ಮುಖ ಅರಳಿತು. "ಪಂಪು, ಬೇರಿಂಗು ಎಲ್ಲಾ ಗಟ್ಟಿ ಇದೆ ಸಾರ್. ಮೊದಲಿನ ಯಜಮಾನ್ರು ಚೆನ್ನಾಗಿ ಇಟ್ಟಿದ್ದಾರೆ."

ಹೊಸದನ್ನು ಮೊದಲು ಬೆರಳುಗಳಿಂದಲೇ ತಿರುಪಿದರು. ಸುತ್ತುಗಳು ಅಡ್ಡವಾಗಿ ಕಚ್ಚಿದರೆ ಒಡಲಿನ ತಿರುಪೇ ಕೆಡುವುದಂತೆ. ನಲ್ಲಿಗೆ ಸುತ್ತುವ ಬಿಳಿಯ ಟೇಪನ್ನು ಸುತ್ತಬಾರದೇ ಎಂದು ನಾನು ಪಾಂಡಿತ್ಯ ತೋರಿಸಿದೆ. ಬೇಡವೆಂದರು. ಆ ಒಂಟಿ ತಂತಿಯ ವಿದ್ಯುತ್ತು ಹಿಂದಿರುಗುವುದು ಸೆನ್ಸರಿನ ಲೋಹದ ಮೈಯಿಂದ ಎಂಜಿನ್ನಿಗೆ. ನಡುವೆ ಟೇಪನ್ನು ದಪ್ಪಗೆ ಸುತ್ತಿದರೆ ಆ ದಾರಿ ಮುಚ್ಚಿ, ದೀಪ ಬೇಕಾದಾಗಲೂ ಹೊತ್ತದಿರಬಹುದು. ತಿರುಪಿನ ಮೇಲೆ ಸೀಲಂಟು ಒಂದಿಷ್ಟನ್ನೇ ಸವರಿ, ಕೊನೆಯ ಸುತ್ತನ್ನು ಸ್ಪ್ಯಾನರಿನಿಂದ ಹದವಾಗಿ ಬಿಗಿದರು. "ಇಲ್ಲಿ ಶಕ್ತಿ ತೋರಿಸಬಾರದು" ಎಂದರು. ಎಣ್ಣೆಯಲ್ಲಿ ನೆನೆದಿದ್ದ ತಂತಿಯ ತುದಿಯನ್ನು ಒರೆಸಿ ಸಿಕ್ಕಿಸಿದರು. ಕೀಲಿಯನ್ನು ತಿರುಗಿಸಿದೆ: ಗಿಂಡಿ ಬೆಳಗಿತು. ಎಂಜಿನ್ನು ಹೊರಟಿತು: ಗಿಂಡಿ ಆರಿತು. ಮತ್ತೆ ಪೌಡರನ್ನು ಉದುರಿಸಿ ಹತ್ತು ನಿಮಿಷ ಕಾದೆವು. ಬಿಳಿ ಬಿಳಿಯಾಗಿಯೇ ಉಳಿಯಿತು.

ಹಣ ಕೊಡುವಾಗ ನಾನು ಹೆಚ್ಚಿಗೆ ಕೊಟ್ಟದ್ದನ್ನು ಅವರು ಎಣಿಸಿ ಹಿಂದಕ್ಕೆ ಕೊಟ್ಟರು. ತಾಯಿಯವರು, "ತಮ್ಮಾ, ನಿನ್ನ ಕೈಗೆ ಒಳ್ಳೆಯದಾಗಲಿ" ಎಂದು ಹೇಳಿ ತಮ್ಮ ನಿಂಬೆಹಣ್ಣುಗಳಲ್ಲಿ ಎರಡನ್ನು ಕೊಟ್ಟರು. ಅವನ್ನು ಮಾತ್ರ ತೆಗೆದುಕೊಂಡರು.

ತೀರ್ಥಹಳ್ಳಿಯನ್ನು ಬಿಟ್ಟಾಗ ನಾಲ್ಕೂವರೆ. ಅಡಕೆಯ ತೋಟಗಳು, ಗದ್ದೆಯ ಕೋವುಗಳು, ಮತ್ತೆ ಕಾಡು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆಯಾಗುವುದೆಂದು ಪುಸ್ತಕಗಳು ಹೇಳುತ್ತವೆ. ಅಲ್ಲಿಯ ಗೋಡೆಗಳ ಪಾಚಿಯನ್ನು ನೋಡಿದರೆ ಪುಸ್ತಕ ಬೇಕಾಗುವುದಿಲ್ಲ. ೧೯೮೦ರ ದಶಕದಲ್ಲಿ ಶಂಕರ್ ನಾಗ್ ಅವರು 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು ಈ ಬೀದಿಯಲ್ಲಿ ಚಿತ್ರಿಸಿದರು. ಬೀದಿ ಇನ್ನೂ ಆ ಕಾಲದ ನೆನಪಿನಲ್ಲಿ ಕುಳಿತಂತಿದೆ.

ಸೂರ್ಯಾಸ್ತದ ಕಟ್ಟೆಯ ಬಳಿ ನಿಲ್ಲಿಸಿದೆ. ಪಡುವಣದಲ್ಲಿ ಬೆಟ್ಟಗಳು ಒಂದರ ಹಿಂದೆ ಒಂದು ನೀಲಿಯಾಗುತ್ತ, ದೂರದಲ್ಲಿ ಸಮುದ್ರವಿರಬೇಕಾದ ಕಡೆ ಒಂದು ಹೊಳಪಿನ ಗೆರೆಯಾಗಿ ಮುಗಿಯುತ್ತಿದ್ದವು. ನೂರಾರು ಜನ ಕಟ್ಟೆಯ ಮೇಲೆ ನಿಂತು ಸೂರ್ಯನನ್ನು ನೋಡುತ್ತಿದ್ದರು. ನಾನೊಬ್ಬನೇ ಅವರಿಗೆ ಬೆನ್ನು ಹಾಕಿ, ರಸ್ತೆಯಲ್ಲಿ ಮೊಣಕಾಲೂರಿ, ಮೊಬೈಲಿನ ಬೆಳಕನ್ನು ಕಾರಿನ ಅಡಿಗೆ ಹಿಡಿದು ನೋಡುತ್ತಿದ್ದೆ. ಬಲೂನು ಹಿಡಿದ ಒಬ್ಬ ಹುಡುಗ ನನ್ನ ಪಕ್ಕದಲ್ಲಿ ಬಗ್ಗಿ, "ಅಂಕಲ್, ಅಲ್ಲಿ ಏನಿದೆ?" ಎಂದು ಕೇಳಿದ. "ಏನೂ ಇಲ್ಲ" ಎಂದೆ. ಅಷ್ಟು ಸಂತೋಷದಿಂದ ಆ ಎರಡು ಮಾತುಗಳನ್ನು ನಾನು ಬಾಳಿನಲ್ಲಿ ಎಂದೂ ಹೇಳಿರಲಿಲ್ಲ. ಎದ್ದು ನಿಂತಾಗ ಸೂರ್ಯನ ಕೊನೆಯ ಚೂರು ಜಾರಿಹೋಗುತ್ತಿತ್ತು.

ಹದಿನಾಲ್ಕು ತಿರುವುಗಳನ್ನು ಎರಡನೆಯ ಗೇರಿನಲ್ಲಿ ಇಳಿದೆವು. ಪ್ರತಿ ತಿರುವಿನಲ್ಲಿಯೂ ನನ್ನ ಕಣ್ಣು ಗಿಂಡಿಯ ಕಡೆಗೆ ಹೋಗುತ್ತಿತ್ತು. ಅದು ಕತ್ತಲೆಯಾಗಿಯೇ ಇತ್ತು. ಕೋತಿಗಳು ಮರದ ಮೇಲೇರಿ ಮಲಗುವ ಸನ್ನಾಹದಲ್ಲಿದ್ದವು. ಕೆಳಗಿಳಿದಂತೆ ಗಾಳಿಯ ತಂಪು ಕಳೆದು, ಕರಾವಳಿಯ ಬೆಚ್ಚನೆಯ ತೇವ ಮುಖಕ್ಕೆ ತಾಗಿತು. ಸೋಮೇಶ್ವರದಲ್ಲಿ ದೀಪ ಹಚ್ಚಿದ್ದರು. ತಾಯಿಯವರು ನಿಂಬೆಹಣ್ಣನ್ನು ಮೂಗಿನ ಹತ್ತಿರ ಹಿಡಿದು ಒಂದೇ ಒಂದು ಸಲ, "ಇನ್ನೆಷ್ಟು ದೂರ?" ಎಂದರು.

ನಾವು ಅಂಗಳದಲ್ಲಿ ನಿಂತಾಗ ಏಳೂವರೆ. ಬೆಳಗ್ಗಿನಿಂದ ದೊಡ್ಡಮ್ಮ ಯಾರನ್ನೂ ಗುರುತಿಸಿರಲಿಲ್ಲವೆಂದು ಅವರ ಮಗ ಬಾಗಿಲಿನಲ್ಲಿಯೇ ತಿಳಿಸಿದ. ತಾಯಿಯವರು ಕಾಲು ತೊಳೆದುಕೊಂಡು ಒಳಗೆ ಹೋಗಿ, ಮಂಚದ ಪಕ್ಕದಲ್ಲಿ ಕುಳಿತು, "ಅಕ್ಕಾ" ಎಂದರು. ದೊಡ್ಡಮ್ಮ ಕಣ್ಣು ತೆರೆದು ಬಹಳ ಹೊತ್ತು ನೋಡಿದರು. ಆಮೇಲೆ, "ಬಸ್ಸಿನಲ್ಲಿ ಬಂದೆಯಾ? ವಾಂತಿಯಾಯಿತೇನೇ?" ಎಂದು ಕೇಳಿದರು. ಆ ರಾತ್ರಿ ಅಕ್ಕತಂಗಿಯರು ಮಾತಾಡುತ್ತಿದ್ದುದು ಜಗಲಿಯಲ್ಲಿ ಮಲಗಿದ್ದ ನನಗೆ ಎಚ್ಚರವಾದಾಗಲೆಲ್ಲ ಕೇಳಿಸುತ್ತಿತ್ತು. ಪುಷ್ಯಮಾಸದಲ್ಲಿ ದೊಡ್ಡಮ್ಮ ತೀರಿಕೊಂಡರು.

ಮರುದಿನ ಬೆಳಗ್ಗೆ ಎಲ್ಲರೂ ಏಳುವ ಮೊದಲು ನಾನು ಅಂಗಳಕ್ಕೆ ಬಂದೆ. ಸಗಣಿ ಸಾರಿಸಿದ ನೆಲದ ಮೇಲೆ, ಕಾರಿನ ಅಡಿಯಲ್ಲಿ, ಒಂದು ಹನಿಯೂ ಬಿದ್ದಿರಲಿಲ್ಲ. ಬಾನೆಟ್ಟನ್ನು ಎತ್ತಿ, ಕಡ್ಡಿಯನ್ನು ಎಳೆದು, ಒರೆಸಿ, ಅದ್ದಿ ನೋಡಿದೆ. ಜೇನಿನ ಬಣ್ಣದ ಎಣ್ಣೆ ಮೇಲಿನ ಗುರುತಿಗೆ ಸರಿಯಾಗಿ ನಿಂತಿತ್ತು. ನೋಟುಪುಸ್ತಕವನ್ನು ತೆಗೆದು, ತಂದೆಯವರ ಕೊನೆಯ ಸಾಲಿನ ಕೆಳಗೆ ದಿನಾಂಕವನ್ನೂ ಕಿಲೋಮೀಟರನ್ನೂ ಬರೆದೆ. ಎಣ್ಣೆ, ಫಿಲ್ಟರು, ಸೆನ್ಸರು ಹೊಸದೆಂದು ಬರೆದೆ. ನನ್ನ ಅಕ್ಷರ ಅವರದರಷ್ಟು ದುಂಡಗಿಲ್ಲ. ಕೊನೆಯಲ್ಲಿ ಸೇರಿಸಿದೆ: "ಕಡ್ಡಿ ನೋಡಿದೆ, ಸರಿ."